ಡೈರಿ ಇಳಿಜಾರಿನ ಮೇಲೆ ಸುಟ್ಟ ಆಯಿಲ್

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಹಾಲಿನ ಟೆಂಪೊ ಬಂದ ಹೊತ್ತನ್ನು ಬರೆದಿಡುವುದು ನನ್ನ ಕೆಲಸ. ಬರೆದು ಪೆನ್ನಿನ ಮುಚ್ಚಳ ಹಾಕುತ್ತಿರುವಾಗಲೇ ಹೊರಗೆ ಏನೋ ಉರುಳಿದ ಸದ್ದಾಯಿತು. ಹಾಲಿನ ಕ್ಯಾನ್ ಉರುಳಿದರೆ ಹೇಗೆ ಸದ್ದಾಗುತ್ತದೆ ಎಂದು ನಮಗೆಲ್ಲ ಗೊತ್ತು. ಇದು ಅದಲ್ಲ. ಬೊಳಕ್ ಬೊಳಕ್ ಎನ್ನುವ ಪ್ಲಾಸ್ಟಿಕ್ ಸದ್ದು.

ಬಸವಾಪಟ್ಟಣದ ಕಡೆಯ ಒಂದು ಊರಿನಲ್ಲಿ ಹೆಂಗಸರೇ ನಡೆಸುವ ಹಾಲಿನ ಸಂಘಕ್ಕೆ ನಾನು ಕಾರ್ಯದರ್ಶಿ. ಚಾನಲ್ ಕೆಳಗಿನ, ಅಂದರೆ ಕಾಲುವೆ ನೀರು ಹರಿಯುವ ಊರು. ಡೈರಿಯ ಹಿಂದೆ ಸದಾ ನೀರು ನಿಂತ ಗದ್ದೆ, ಹಾಗಾಗಿ ಕಟ್ಟಡವನ್ನು ರಸ್ತೆಗಿಂತ ಆಳೆತ್ತರ ಮೇಲೆ ಕಟ್ಟಿದ್ದಾರೆ. ರಸ್ತೆಯಿಂದ ಅಂಗಳಕ್ಕೆ ಹತ್ತಲು ಇರುವುದು ಒಂದೇ ದಾರಿ, ಹದಿನಾಲ್ಕು ಹೆಜ್ಜೆಯ ಕಾಂಕ್ರೀಟ್ ಇಳಿಜಾರು. ಟೆಂಪೊ ಹತ್ತುವುದೂ ಅದರಲ್ಲೇ, ಹಾಲು ತರುವ ಹೆಂಗಸರು ಹತ್ತುವುದೂ ಅದರಲ್ಲೇ. ಅದರ ಬುಡಕ್ಕೆ ರಸ್ತೆ. ರಸ್ತೆಯಾಚೆ ಚರಂಡಿ. ಚರಂಡಿಯಾಚೆ ದನ ನೀರು ಕುಡಿಯುವ ಸಿಮೆಂಟ್ ತೊಟ್ಟಿ. ಇಳಿಜಾರು, ರಸ್ತೆ, ಚರಂಡಿ, ತೊಟ್ಟಿ. ಈ ನಾಲ್ಕೂ ಒಂದೇ ಗೆರೆಯಲ್ಲಿವೆ ಎಂಬುದನ್ನು ಅಲ್ಲಿಯವರೆಗೆ ನಾನು ಗಮನಿಸಿಯೇ ಇರಲಿಲ್ಲ. ಈಗ ಕಣ್ಣು ಮುಚ್ಚಿದರೂ ಅದೇ ಗೆರೆ.

ಹೊರಗೆ ಬಂದು ನೋಡಿದರೆ, ಹತ್ತು ಲೀಟರಿನ ಹಳದಿ ಡಬ್ಬಿಯೊಂದು ಮುಚ್ಚಳವಿಲ್ಲದೆ ಇಳಿಜಾರಿನಲ್ಲಿ ಉರುಳುತ್ತಿತ್ತು. ಒಂದೊಂದು ಸುತ್ತಿಗೂ ಒಂದೊಂದು ಗುಟುಕು ಕಕ್ಕುತ್ತಾ, ತನ್ನ ಹಿಂದೆ ಗೇಣಗಲದ ಕಪ್ಪು ಪಟ್ಟಿ ಎಳೆಯುತ್ತಾ ಹೋಗುತ್ತಿತ್ತು. ಅದರ ಹಿಂದೆ ಹೊನ್ನಾಳಿಯ ಟೆಂಪೊ ಡ್ರೈವರ್ ಓಡಿದ. ಎರಡು ಹೆಜ್ಜೆ ಓಡಿದ್ದು ನಿಜ. ಮಿಕ್ಕ ದೂರವನ್ನು ಅವನು ಕೂತುಕೊಂಡೇ ಕ್ರಮಿಸಿ, ಡಬ್ಬಿಗಿಂತ ಮೊದಲು ರಸ್ತೆ ಮುಟ್ಟಿದ.

"ಅಯ್ಯೋ, ನನ್ನ ಆಯಿಲ್!" ಎಂದು ನನ್ನ ಬೆನ್ನ ಹಿಂದೆ ಸಂಘದ ಅಧ್ಯಕ್ಷೆ ಕೂಗಿದರು.

ಆಗಲೇ ವಿಷಯ ಹೊರಬಿದ್ದದ್ದು. ಟೆಂಪೊದ ಇಂಜಿನ್ ಆಯಿಲ್ ಬದಲಿಸಿದಾಗ ಹಳೆಯದನ್ನು ಚೆಲ್ಲದೆ ತಂದುಕೊಡು ಎಂದು ಡ್ರೈವರಿಗೆ ಅವರೇ ಹೇಳಿದ್ದರಂತೆ. ಅವರ ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹಿಡಿದಿತ್ತು. ಸುಟ್ಟ ಆಯಿಲ್ ಬಳಿದರೆ ಗೆದ್ದಲು ಬರುವುದಿಲ್ಲ ಎಂಬುದು ಇಡೀ ಸೀಮೆಗೆ ಗೊತ್ತಿರುವ ಔಷಧ. ಹಾಲಿನ ಕ್ಯಾನುಗಳ ನಡುವೆ ಆಯಿಲ್ ಡಬ್ಬಿ ಇಡಬಾರದು ಎಂಬುದು ಕೂಡ ಗೊತ್ತಿರುವ ವಿಷಯವೇ. ಅದಕ್ಕೇ ಡ್ರೈವರ್ ಅದನ್ನು ಕ್ಯಾನುಗಳ ಹಿಂದೆ ಬಚ್ಚಿಟ್ಟು ತಂದಿದ್ದ. ಅಂಗಳದಲ್ಲಿ ಹಿಂಬಾಗಿಲು ತೆಗೆದದ್ದೇ ತಡ, ಬಚ್ಚಿಟ್ಟದ್ದು ತಾನಾಗಿಯೇ ಹೊರಗೆ ಬಂತು.

ಡ್ರೈವರ್ ರಸ್ತೆಯಲ್ಲಿ ಎದ್ದು ನಿಂತ. ಸೊಂಟದಿಂದ ಕೆಳಗೆ ಬೇರೆಯೇ ಮನುಷ್ಯನಂತಿದ್ದ.

"ನಂಗೇನೂ ಆಗಿಲ್ಲ," ಎಂದ. ಯಾರೂ ಕೇಳಿರಲಿಲ್ಲ.

"ಡಬ್ಬಿಯಾಗೆ ಎಷ್ಟು ಉಳಿದೈತೆ ನೋಡಪ್ಪ," ಎಂದರು ಅಧ್ಯಕ್ಷೆ.

ಅಂದು ಕಾಲುಬಾಯಿ ಜ್ವರದ ಲಸಿಕೆಯ ದಿನ. ಒಂಬತ್ತಕ್ಕೆ ಪಶುವೈದ್ಯರು ಬರುವವರಿದ್ದರು, ತೊಟ್ಟಿಯ ಬಳಿ ಊರ ದನವೆಲ್ಲ ಸೇರುವುದಿತ್ತು. ಅದಕ್ಕೆ ಮೊದಲು ಹಾಲು ತುಂಬಿದ ಟೆಂಪೊ ಕೆಳಗಿಳಿದು ಹೋಗಬೇಕು. ಹೀಗಿರುವಾಗ ಇಳಿಜಾರಿನ ಮೇಲೆ ಆಯಿಲ್ ಬಿದ್ದರೆ ಏನು ಮಾಡಬೇಕು? ಚಾನಲ್ ಊರಿನಲ್ಲಿ ಈ ಪ್ರಶ್ನೆಗೆ ಯೋಚನೆ ಬೇಕಿಲ್ಲ. ಸೆಗಣಿ ಬಿದ್ದರೆ ನೀರು, ಹಾಲು ಚೆಲ್ಲಿದರೆ ನೀರು, ಮಕ್ಕಳು ಜಗಳವಾಡಿದರೂ ಒಂದು ಚೊಂಬು ನೀರು.

"ಮೋಟರ್ ಆನ್ ಮಾಡ್ರಿ, ನೀರು ಬಿಡ್ರಿ," ಎಂದರು ಅಧ್ಯಕ್ಷೆ.

ಇಲ್ಲಿಯವರೆಗಿನ ತಪ್ಪು ಬೇರೆಯವರದು. ಇಲ್ಲಿಂದ ನನ್ನದು. ನಾನು ಬಿಎಸ್ಸಿ, ಅದರಲ್ಲೂ ರಸಾಯನಶಾಸ್ತ್ರ. ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಗಿಂತ "ಬಿಎಸ್ಸಿ" ಎಂದು ಕರೆಯುವವರೇ ಹೆಚ್ಚು. ಬರಿಯ ನೀರಿಗೆ ಆಯಿಲ್ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಣ್ಣೆಯನ್ನು ನೀರಿನ ಜೊತೆ ಬೆರೆಸುವುದೇ ಸೋಪಿನ ಕೆಲಸ ಎಂದೂ ಗೊತ್ತಿತ್ತು. ಒಳಗೆ ಹೋಗಿ ಕ್ಯಾನ್ ತೊಳೆಯುವ ಪುಡಿಯ ಪೊಟ್ಟಣ ತಂದು ಮೇಲಿಂದ ಕೆಳಗಿನವರೆಗೆ ಧಾರಾಳವಾಗಿ ಉದುರಿಸಿದೆ. ಬೆರೆತ ಎಣ್ಣೆ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಪಾಠದಲ್ಲಿ ಇರಲಿಲ್ಲ.

ಅದು ಎಲ್ಲಿಗೂ ಹೋಗಲಿಲ್ಲ. ಗೇಣಗಲದ ಪಟ್ಟಿ ಇಳಿಜಾರಿನ ಅಗಲಕ್ಕೆ ಹರಡಿತು. ಮೂವರು ಪೊರಕೆ ಹಿಡಿದು ತಿಕ್ಕಿದೆವು. ಕಪ್ಪು ನೊರೆ ಎದ್ದಿತು, ಪೈಪಿನ ನೀರಿಗೆ ಇಳಿದು ಹೋಯಿತು. ಅರ್ಧ ಗಂಟೆಯಲ್ಲಿ ಇಳಿಜಾರು ಲಕಲಕ ಹೊಳೆಯತೊಡಗಿತು. ಕಪ್ಪು ಕಾಣಿಸದೇ ಇದ್ದದ್ದರಿಂದ ಅದು ಸ್ವಚ್ಛವಾಗಿದೆ ಎಂದುಕೊಂಡೆ. ಆ ಹೊಳಪೇ ಆಯಿಲ್ ಎಂದು ತಿಳಿಯುವಷ್ಟು ವಿದ್ಯೆ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಡ್ರೈವರ್ ಟೆಂಪೊ ತಿರುಗಿಸಿ ಇಳಿಜಾರಿನ ತುದಿಗೆ ತಂದು ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ.

"ಅಕ್ಕಾ, ಇಳಿಸ್ಲಾ?"

"ಇಳಿಸಣ್ಣ," ಎಂದೆ.

ಈ ಎರಡು ಮಾತುಗಳೇ. ಆಮೇಲೆ ಎಷ್ಟು ದಿನ ಅವು ನನ್ನ ಕಿವಿಯಲ್ಲಿ ಕೂತಿದ್ದವು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಟೆಂಪೊದ ಮುಂದಿನ ಚಕ್ರ ಇಳಿಜಾರಿಗೆ ಇಳಿಯಿತು, ಅವನು ಬ್ರೇಕ್ ಒತ್ತಿದ, ಚಕ್ರ ನಿಂತಿತು. ಟೆಂಪೊ ನಿಲ್ಲಲಿಲ್ಲ. ಸದ್ದೇ ಇಲ್ಲ. ಕಿರ್ ಎಂದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ತಿರುಗದ ಚಕ್ರಗಳ ಮೇಲೆ ಆ ಟೆಂಪೊ ತಟ್ಟೆಯಲ್ಲಿಟ್ಟ ಮೊಸರಿನ ಹಾಗೆ ಜಾರುತ್ತಾ ಹೋಯಿತು. ಆಗ ನಾನು ಕೆಳಗೆ ನೋಡಿದೆ.

ತೊಟ್ಟಿಯ ಬಳಿ ಒಬ್ಬ ಹೆಂಗಸು ತನ್ನ ಎಮ್ಮೆಗೆ ನೀರು ಕುಡಿಸುತ್ತಾ ನಿಂತಿದ್ದರು. ಲಸಿಕೆಗೆ ತಮ್ಮದೇ ಮೊದಲನೆಯದಾಗಲಿ ಎಂದು ಎರಡು ತಾಸು ಮುಂಚೆ ಬಂದಿದ್ದರು. ಅರವತ್ತು ದಾಟಿದವರು. ಹಿಂದೊಮ್ಮೆ ತೊಡೆಮೂಳೆ ಮುರಿದು ಒಳಗೆ ರಾಡ್ ಹಾಕಿದ್ದಾರೆ, ಬಲಗಾಲು ಎಳೆದು ನಡೆಯುತ್ತಾರೆ. ಓಡುವುದಂತೂ ಅವರಿಂದ ಆಗದು. ಅವರ ಬೆನ್ನು ನಮ್ಮ ಕಡೆಗಿತ್ತು.

ನಾನು ಕೂಗಿದೆ. ಬಾಯಿಂದ ಬಂದ ಮಾತು "ಸೋಪು!" ಯಾಕೆ ಹಾಗೆ ಕೂಗಿದೆನೋ ಗೊತ್ತಿಲ್ಲ. ಅಧ್ಯಕ್ಷೆ ನನಗಿಂತ ಚುರುಕಾಗಿ "ಹೋಯ್, ಹೋಯ್, ಸರಿ ಆಕಡೆ!" ಎಂದು ಗದರಿದರು. ಅದನ್ನು ಎಮ್ಮೆಗೆ ಹೇಳಿದರೋ ಹೆಂಗಸಿಗೋ ಟೆಂಪೊಗೋ ತಿಳಿಯಲಿಲ್ಲ. ಆ ಹೆಂಗಸು ತಿರುಗಿದರು, ನೋಡಿದರು, ಎಮ್ಮೆಯ ಹಗ್ಗ ಜಗ್ಗಿದರು. ಎಮ್ಮೆ ನೀರು ಕುಡಿಯುತ್ತಲೇ ಇತ್ತು. ಅವರು ಹಗ್ಗ ಬಿಟ್ಟು ಪಕ್ಕಕ್ಕೆ ಹೋಗಬಹುದಿತ್ತು. ಹೋಗಲಿಲ್ಲ.

ಟೆಂಪೊ ರಸ್ತೆ ದಾಟಿತು. ಮುಂದಿನ ಎಡಚಕ್ರ ಚರಂಡಿಗೆ ಬಿತ್ತು. ಧಡ್ ಎಂದು ನಿಂತಿತು. ಒಂದು ಕ್ಯಾನ್ ಮಗುಚಿ, ಕಪ್ಪು ನೀರು ಹರಿದಿದ್ದ ದಾರಿಯಲ್ಲೇ ಹಾಲು ಹರಿಯಿತು.

ಬಂಪರಿಗೂ ಎಮ್ಮೆಯ ಪಕ್ಕೆಗೂ ಒಂದು ಮೊಳ ನಾಲ್ಕು ಬೆರಳು. ಆಮೇಲೆ ನಾನೇ ಅಳೆದೆ. ಯಾಕೆ ಅಳೆದೆ ಎಂದು ಕೇಳಬೇಡಿ. ಎಮ್ಮೆ ತಲೆಯೆತ್ತಿ ಬಂಪರನ್ನು ಮೂಸಿ ನೋಡಿ ಮತ್ತೆ ನೀರಿಗೆ ಬಾಯಿ ಹಾಕಿತು.

ಎಮ್ಮೆಯ ಯಜಮಾನಿ ಡ್ರೈವರನ್ನು ಒಂದು ಗಳಿಗೆ ದಿಟ್ಟಿಸಿದರು.

"ಡಾಕ್ಟ್ರು ಒಂಬತ್ತಕ್ಕೆ ಬರ್ತಾರಂತೆ. ನೀನ್ಯಾಕಪ್ಪ ಮೊದ್ಲೇ ಬಂದೆ ಚುಚ್ಚಾಕೆ?" ಎಂದರು.

ಸ್ಟೇರಿಂಗ್ ಹಿಡಿದ ಅವನ ಕೈ ಬಿಡಿಸಲು ಇಬ್ಬರು ಬೇಕಾದರು.

ಅವರು ನಕ್ಕು ಮಾತಾಡಿದರು, ನಿಜ. ಆದರೆ ಎಮ್ಮೆಯ ಹಗ್ಗವನ್ನು ಕೈಗೆ ಐದಾರು ಸುತ್ತು ಸುತ್ತಿಕೊಂಡಿದ್ದು ನನಗೆ ಕಾಣಿಸಿತು. ಆಮೇಲೆ ಇಳಿಜಾರಿನ ಬುಡಕ್ಕೆ ಬಂದು ಊರುಗೋಲಿನಿಂದ ಕಾಂಕ್ರೀಟನ್ನು ಮುಟ್ಟಿದರು. ಕೋಲು ಜಾರಿತು.

"ಸಂಜೆ ಐದಕ್ಕೆ ನಾನು ಹಾಲು ತರ್ತೀನಿ," ಎಂದರು. "ಇದ್ರ ಮೇಲೆ ಹತ್ತೇ ಬರ್ತೀನಿ. ಇನ್ನೊಂದ್ ಸಲ ಬಿದ್ರೆ ನನ್ ಕಾಲು ಕೂಡಲ್ಲ ಅಂತ ಡಾಕ್ಟ್ರು ಹೇಳ್ಯಾರೆ. ನೋಡ್ಕೊಳ್ರಿ."

"ನಿಮ್ಮ ಹಾಲನ್ನ ನಾವೇ ಇಳಿದು ಬಂದು ತಗೊಂತೀವಮ್ಮ," ಎಂದೆ.

"ನೀವು ಇಳಿಸಿದ್ದನ್ನ ಈಗ್ಲೇ ನೋಡಿದ್ನಲ್ಲ."

ಊರಿನ ಟ್ರ್ಯಾಕ್ಟರ್ ಬಂದು ಟೆಂಪೊವನ್ನು ಎಳೆದು, ಉಳಿದ ಕ್ಯಾನುಗಳನ್ನು ತಾನೇ ಹೊತ್ತುಕೊಂಡು ಹೋಯಿತು. ಪಶುವೈದ್ಯರು ಬಂದು ನೋಡಿ, ಲಸಿಕೆಯನ್ನು ಶಾಲೆಯ ಬಯಲಿಗೆ ಬದಲಾಯಿಸಿದರು. ಅವರು ಹೊರಡುವ ಮೊದಲು ಇನ್ನೊಂದು ಅನಾಹುತ ಆಗಿಹೋಗಿತ್ತು. ಜಾರುವುದಕ್ಕೆ ತೌಡೇ ಮದ್ದು ಎಂದು ಅಧ್ಯಕ್ಷೆ ಡೈರಿಯ ದಾಸ್ತಾನಿನಿಂದ ಒಂದು ಮೂಟೆ ತೌಡು ತಂದು ಇಳಿಜಾರಿನ ಮೇಲೆ ಸುರುವಿದರು. ತೌಡು ಆಯಿಲನ್ನೂ ಹೀರಿತು, ನೀರನ್ನೂ ಹೀರಿತು, ಹೀರಿ ಕಪ್ಪು ಹಲ್ವದಂತಾಯಿತು. ಆದರೆ ತೌಡಿನ ವಾಸನೆ ತೌಡಿನದೇ. ಶಾಲೆಯ ಕಡೆ ಹೊರಟಿದ್ದ ದನಗಳೆಲ್ಲ ಒಮ್ಮೆಗೇ ನಮ್ಮ ಕಡೆ ತಿರುಗಿದವು. ಎಲ್ಲಕ್ಕೂ ಮುಂದೆ ಅದೇ ಎಮ್ಮೆ.

"ಮೊದ್ಲು ಗುದ್ದಾಕೆ ಬಂದ್ರಿ, ಈಗ ವಿಷ ಇಕ್ಕಾಕೆ ಹೊಂಟ್ರಾ!" ಎಂದು ಯಜಮಾನಿ ಕೋಲು ಬೀಸಿ ಎಮ್ಮೆಯನ್ನು ತಿರುಗಿಸಿದರು.

ಅಧ್ಯಕ್ಷೆ ಸೋಲುವವರಲ್ಲ. "ಇನ್ನೊಂದ್ ಸಲ ನೀರು ಬಿಡ್ರಿ. ಈ ಸಲ ಜೋರಾಗಿ," ಎಂದರು.

ನಾನು ಡೈರಿಯ ಮೆಟ್ಟಿಲ ಮೇಲೆ ಕೂತಿದ್ದೆ. ಎದ್ದು ಹೋಗಿ ಮೋಟರಿನ ಫ್ಯೂಸ್ ಕಿತ್ತೆ, ನನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದೆ. ಅದು ಯೋಚಿಸಿ ಮಾಡಿದ್ದಲ್ಲ. ಇನ್ನೊಂದು ತೊಟ್ಟು ನೀರನ್ನು ನೋಡುವ ಶಕ್ತಿ ನನಗಿರಲಿಲ್ಲ, ಅಷ್ಟೆ.

"ಏನ್ ಬಿಎಸ್ಸಿ, ಫ್ಯೂಸ್ ಯಾಕೆ?"

"ನೀರು ಬ್ಯಾಡ ದೊಡ್ಡಮ್ಮ."

"ನೀರು ಬ್ಯಾಡ್ವಾ? ನೀರಿಲ್ದೆ ತೊಳೆಯೋದು ಹೆಂಗೆ? ಜಗಳೂರಿನೋರಿಗೆ ನೀರು ಕಂಡ್ರೇ ಆಗಲ್ಲ!"

ನನ್ನ ತವರು ಜಗಳೂರಿನ ಕಡೆ, ಮಳೆಯನ್ನೇ ನಂಬಿದ ಬರದ ಸೀಮೆ. ಮದುವೆಯಾಗಿ ಹತ್ತು ವರ್ಷದಿಂದ ಈ ಕುಟುಕು ಕೇಳುತ್ತಿದ್ದೇನೆ. ಆದರೆ ಆ ದಿನ ಅದು ಸರಿಯಾದ ಜಾಗಕ್ಕೆ ಬಂದು ನಾಟಿತು. ನಮ್ಮಪ್ಪನ ಕಣದಲ್ಲಿ ಮೆಕ್ಕೆಜೋಳ ಬಿಡಿಸುವ ಮಷಿನ್ನು ಪ್ರತಿ ಸುಗ್ಗಿಗೂ ಆಯಿಲ್ ಸೋರುತ್ತಿತ್ತು. ಅಲ್ಲಿ ಯಾರೂ ನೀರು ತರಲು ಓಡಿದ್ದು ನನಗೆ ನೆನಪಿಲ್ಲ. ಕುಡಿಯಲು ತಂದ ನೀರನ್ನು ನೆಲಕ್ಕೆ ಯಾರು ಹಾಕುತ್ತಾರೆ? ಅಪ್ಪ ಏನೋ ಉದುರಿಸುತ್ತಿದ್ದ. ಏನು? ಚಾನಲ್ ನೀರು ಹತ್ತು ವರ್ಷದಲ್ಲಿ ಅದನ್ನೂ ತೊಳೆದುಬಿಟ್ಟಿತ್ತು. ಫೋನ್ ಮಾಡಿದೆ.

"ಅಪ್ಪಾ, ನೆಲದ ಮೇಲೆ ಆಯಿಲ್ ಬಿದ್ರೆ ನೀನು ಏನ್ ಹಾಕ್ತಿದ್ದೆ?"

"ಬೆಂಡು. ಜೋಳದ ಬೆಂಡಿನ ಪುಡಿ. ಯಾಕೆ? ನೀರು ಹಾಕೀಯಾ?"

ನಾನು ಇಳಿಜಾರಿನ ಕಡೆ ನೋಡಿದೆ.

"ಹಾಕೀಯಾ ಅಂತ ಕೇಳ್ದೆ."

"ಸೋಪಿನ ಪುಡೀನೂ ಹಾಕೀನಿ."

ಆ ಕಡೆ ಅಪ್ಪ ಅವ್ವನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ಲೇ, ಇವಳ್ನ ಬಿಎಸ್ಸಿ ಓದಿಸಾಕೆ ದಾವಣಗೆರೆಗೆ ಕಳಿಸಿದ್ದು ನೀನೇ ಹೌದಲ್ಲ?" ಆಮೇಲೆ ನನಗೆ ಹೇಳಿದ. "ಮೊದ್ಲು ಬಿಸಿಲಿಗೆ ಒಣಗಾಕೆ ಬಿಡು. ಹಸಿ ಇದ್ರೆ ಬೆಂಡು ನೀರು ಕುಡೀತೈತೆ, ಆಯಿಲ್ ಮುಟ್ಟಲ್ಲ. ಒಣಗಿದ ಮೇಲೆ ದಪ್ಪಗೆ ಹಾಕಿ ತುಳೀರಿ. ಗುಡಿಸ್ರಿ. ಮತ್ತೆ ಹಾಕ್ರಿ. ಅವಸರ ಮಾಡಬ್ಯಾಡ."

ಐದು ಗಂಟೆಗೆ ಇಷ್ಟು ಹೊತ್ತಿದೆ ಎಂದು ಗೊತ್ತಿದ್ದೂ ಅವಸರ ಮಾಡದೆ ಇರುವುದು ಎಷ್ಟು ಕಷ್ಟ! ಸಲಿಕೆಯಿಂದ ತೌಡಿನ ಹಲ್ವ ಕೆರೆದು ಹರಿದ ಚೀಲಗಳಿಗೆ ತುಂಬಿದೆವು, ದನದ ಮೂತಿಗೆ ಸಿಗದ ಹಾಗೆ ಬಾಯಿ ಹೊಲಿದೆವು. ಗೋಣಿಚೀಲ ಹಾಸಿ ಒತ್ತಿ ನೀರು ತೆಗೆದೆವು. ಆಮೇಲೆ ಇಳಿಜಾರಿನ ಎರಡೂ ತುದಿಗೆ ಹಗ್ಗ ಕಟ್ಟಿ, ಸುಮ್ಮನೆ ಕೂತೆವು. ಬಿಸಿಲಿಗೆ ಕಾಂಕ್ರೀಟು ಒಣಗುವುದನ್ನು ಹದಿನೈದು ಜನ ಹೆಂಗಸರು ಕೂತು ನೋಡಿದ್ದು ನಮ್ಮ ಸಂಘದ ಇತಿಹಾಸದಲ್ಲೇ ಮೊದಲು.

ಕಾಳು ಬಿಡಿಸಿದ ಬೆಂಡು ಊರಿನಲ್ಲಿ ಬೇಕಾದಷ್ಟಿತ್ತು. ನೀರೊಲೆಗೆ ಉರಿಸಲು ಎಲ್ಲರ ಮನೆಯಲ್ಲೂ ಗುಡ್ಡೆ ಹಾಕಿರುತ್ತಾರೆ. ಪುಡಿ ಮಾಡುವುದು ತೊಂದರೆಯಾಯಿತು. ಹಿಟ್ಟಿನ ಗಿರಣಿಯವನು ಬಾಗಿಲಲ್ಲೇ ಕೈಮುಗಿದ. "ಅಕ್ಕೋರೇ, ನಾಳೆ ರೊಟ್ಟಿಯಾಗೆ ಬೆಂಡು ಸಿಕ್ರೆ ಊರೋರು ನನ್ನ ಬೀಸ್ತಾರೆ." ಕೊನೆಗೆ ಅಧ್ಯಕ್ಷೆಯ ಮನೆಯಲ್ಲಿ ದನಕ್ಕೆ ನುಚ್ಚು ಮಾಡುವ ಮಷಿನ್ ಸಿಕ್ಕಿತು. ಕೊಡುವಾಗ ಅವರು ಹೇಳಿದರು, "ಬ್ಲೇಡ್ ಹೋದ್ರೆ ಜಗಳೂರಿಂದ ತರಿಸಿಕೊಡ್ಬೇಕು."

ಹನ್ನೆರಡೂವರೆಗೆ ಮೊದಲ ಹಾಸು ಹಾಕಿದೆವು, ಬೆರಳು ದಪ್ಪ. ಸಾಲಾಗಿ ನಿಂತು ತುಳಿಯತೊಡಗಿದೆವು. ಡ್ರೈವರೂ ಬಂದು ಸೇರಿದ. ಅವನ ಪ್ಯಾಂಟು ಕೆಟ್ಟಿದ್ದರಿಂದ ಅಧ್ಯಕ್ಷೆಯ ಯಜಮಾನರ ಪಂಚೆ ಉಟ್ಟಿದ್ದ. ಅದು ನಿಲ್ಲದೆ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ತುಳಿಯುತ್ತಿದ್ದ. ಕೋಲಿಲ್ಲದ ಕೋಲಾಟದಂತೆ ಕಾಣುತ್ತಿತ್ತು. ಬಿಳಿಯಾಗಿದ್ದ ಪುಡಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿತು. ಗುಡಿಸಿ ತೆಗೆದೆವು.

ಪರೀಕ್ಷೆಗೆ ನಾನು ಒಂದು ದಾರಿ ಮಾಡಿಕೊಂಡೆ. ಹಳೆಯ ಪೇಪರ್ ಹಾಸಿ, ಅದರ ಮೇಲೆ ಬರಿಗಾಲಲ್ಲಿ ನಿಂತು ನೂರು ಎಣಿಸುವುದು. ಮೊದಲ ಸಲ ಎತ್ತಿದಾಗ ಕ್ರೀಡಾಪುಟದಲ್ಲಿ ಯಾರು ಗೆದ್ದರು ಎಂದೇ ತಿಳಿಯದಷ್ಟು ಎಣ್ಣೆ. ಎರಡನೆಯ ಹಾಸಿನ ಮೇಲೆ ನಾರಿನ ಬ್ರಷ್ಷಿನಿಂದ ತಿಕ್ಕಿದೆವು, ಒಂದು ತಾಸು ಹಾಗೇ ಬಿಟ್ಟೆವು. ಪೇಪರಿನ ಮೇಲೆ ಹಿಮ್ಮಡಿಯಷ್ಟು ಕಲೆ. ಮೂರನೆಯದಕ್ಕೆ ಮಷಿನ್ನಿನ ತಳದಲ್ಲಿ ಕೂತ ನಯವಾದ ಪುಡಿ ಹಾಕಿದೆವು. ನಾಲ್ಕೂ ಮುಕ್ಕಾಲಿಗೆ ಮತ್ತೆ ನಿಂತು ಎಣಿಸಿದೆ. ನೂರಕ್ಕೆ ನಿಲ್ಲಿಸಲು ಧೈರ್ಯವಾಗದೆ ಇನ್ನೂರು ಎಣಿಸಿದೆ. ಪೇಪರ್ ಎತ್ತಿದರೆ ಒಂದು ಅಕ್ಷರವೂ ಒದ್ದೆಯಾಗಿರಲಿಲ್ಲ.

ಐದಕ್ಕೆ ಸರಿಯಾಗಿ ಎಮ್ಮೆಯ ಯಜಮಾನಿ ಹಾಲಿನ ಕ್ಯಾನ್ ಹಿಡಿದು ಬಂದರು. ಬುಡದಲ್ಲಿ ನಿಂತು ಮೇಲೆ ನೋಡಿದರು.

"ಮೊದ್ಲು ಬಿಎಸ್ಸಿ ಇಳೀಲಿ."

ಇಳಿದೆ. ಹತ್ತಿದೆ. "ಓಡು," ಎಂದರು. ಮೂವತ್ತೈದು ವರ್ಷದ ಕಾರ್ಯದರ್ಶಿ ಸೀರೆ ಎತ್ತಿ ಹಿಡಿದು ಊರವರೆದುರು ಇಳಿಜಾರಿನಲ್ಲಿ ಓಡಿದೆ. "ಇನ್ನು ಅಧ್ಯಕ್ಷರು," ಎಂದರು. ಅಧ್ಯಕ್ಷೆ "ನಂಗೆ ಮಂಡಿನೋವು" ಎಂದರು. "ನಂಗೆ ರಾಡ್ ಐತೆ," ಎಂದರು ಇವರು. ಅಧ್ಯಕ್ಷೆ ಇಳಿದರು.

ಆಮೇಲೆ ಎಮ್ಮೆಯ ಯಜಮಾನಿ ಹತ್ತತೊಡಗಿದರು. ಕೋಲು, ಎಡಗಾಲು, ಎಳೆದ ಬಲಗಾಲು. ಏಳನೆಯ ಹೆಜ್ಜೆಗೆ ನಿಂತರು. ಕ್ಯಾನನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡು ಮತ್ತೆ ಹೊರಟರು. ಮೇಲೆ ಬಂದು ಹಾಲು ಅಳೆಯಲು ಕೊಟ್ಟು ಹೇಳಿದರು, "ಜಾರೋದು ಹೋಗೈತೆ. ಕಲೆ ಹೋಗಿಲ್ಲ."

ಕಲೆ ಈಗಲೂ ಇದೆ. ಆಯಿಲ್ ಹೀರಿದ ಬೆಂಡಿನ ಪುಡಿ ಆರು ಚೀಲವಾಯಿತು. ಅದನ್ನು ಎಲ್ಲಿ ಹಾಕುವುದು ಎಂದು ನಾವು ಯೋಚಿಸುತ್ತಿರುವಾಗಲೇ ಅಧ್ಯಕ್ಷೆ ಟ್ರ್ಯಾಕ್ಟರ್ ತರಿಸಿ ತಮ್ಮ ಕೊಟ್ಟಿಗೆಗೆ ಸಾಗಿಸಿ, ಕಂಬಗಳ ಬುಡಕ್ಕೆ ಗೆದ್ದಲಿನ ಮದ್ದೆಂದು ಸುರಿಸಿಕೊಂಡು, ಮೇಲೆ ಕಲ್ಲು ಚಪ್ಪಡಿ ಮುಚ್ಚಿಸಿದರು. "ನನ್ನ ಆಯಿಲ್ ನಂಗೇ ಬಂತು," ಎಂದರು.

ನನ್ನ ಕಥೆ ಅಷ್ಟು ಬೇಗ ಮುಗಿಯಲಿಲ್ಲ. ಮಲಗಿ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ "ಅಕ್ಕಾ, ಇಳಿಸ್ಲಾ?" ಎಂದು ಕೇಳಿಸುತ್ತಿತ್ತು. ಟೆಂಪೊ ಸದ್ದಿಲ್ಲದೆ ಜಾರುತ್ತಿತ್ತು. ಕನಸಿನಲ್ಲಿ ಚರಂಡಿ ಇರುತ್ತಿರಲಿಲ್ಲ. ನಾಲ್ಕು ದಿನವಾದ ಮೇಲೆ ನನ್ನ ಗಂಡ ಕೇಳಿದರು, "ರಾತ್ರಿಯೆಲ್ಲ ಬ್ಯಾಡ ಬ್ಯಾಡ ಅಂತೀಯಲ್ಲ, ನಾನು ಏನ್ ಕೇಳ್ದೆ ಅಂತ?" ಹಗಲು ಮಾತ್ರ ಒಂದು ಬದಲಾವಣೆ ಮಾಡಿಕೊಂಡೆ. ಡ್ರೈವರ್ ಕೇಳಿದಾಗ ಮೇಲೆ ನಿಂತು ಉತ್ತರ ಕೊಡುವುದನ್ನು ಬಿಟ್ಟೆ. ಮೊದಲು ನಾನೇ ನಡೆದು ಕೆಳಗಿಳಿದು, ರಸ್ತೆ ನೋಡಿ, ತೊಟ್ಟಿ ನೋಡಿ, ಅಲ್ಲಿಂದ ಕೈ ಬೀಸುತ್ತೇನೆ. ಈಗಲೂ ಹಾಗೆಯೇ.

ಉಳಿದದ್ದು ಮಳೆಯ ಹೆದರಿಕೆ. ಕಾಂಕ್ರೀಟಿನ ಹೊಟ್ಟೆಯೊಳಗೆ ಸೇರಿದ ಆಯಿಲ್ ಮಳೆ ಬಿದ್ದಾಗ ಮೇಲೆದ್ದು ಬರುತ್ತದೆ ಎಂದು ಎಲ್ಲೋ ಓದಿದ್ದೆ. ಯುಗಾದಿ ಕಳೆದ ಮೇಲೆ ಒಂದು ಸಂಜೆ, ಹಾಲು ಹಾಕುವ ಹೊತ್ತಿಗೇ, ಮೊದಲ ಮಳೆ ಬಂತು. ಕೆಳಗೆ ನೋಡಿದರೆ ಗೋಣಿಕೊಪ್ಪೆ ಹಾಕಿಕೊಂಡು ಎಮ್ಮೆಯ ಯಜಮಾನಿ ಆಗಲೇ ಹತ್ತುತ್ತಿದ್ದರು. ಓಡಿ ಇಳಿದು ಅವರ ಕೈ ಹಿಡಿದೆ.

"ಕೈ ಬಿಡು ತಾಯಿ," ಎಂದರು. "ನೀನೇ ನಡುಗ್ತಾ ಇದೀಯ. ಇಬ್ರೂ ಬೀಳ್ತೀವಿ."

ಬಿಟ್ಟೆ. ಅವರು ಹತ್ತಿದರು. ನಾನು ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಇಳಿಜಾರನ್ನು ಅಂಗೈಯಿಂದ ಸವರಿ ನೋಡಿದೆ. ಒರಟಾಗಿತ್ತು. ಇಳಿದು ಹೋಗುತ್ತಿದ್ದುದು ಬರಿಯ ಕೆಂಪು ನೀರು.

ಆ ರಾತ್ರಿ "ಇಳಿಸ್ಲಾ?" ಕೇಳಿಸಲಿಲ್ಲ. ಮರುದಿನ ಎಚ್ಚರವಾದಾಗ ಗೋಡೆಯ ಮೇಲೆ ಬಿಸಿಲಿತ್ತು. ಡೈರಿಯ ಬೀಗದ ಕೈ ನನ್ನ ದಿಂಬಿನ ಕೆಳಗೇ ಇತ್ತು. ಓಡುತ್ತಾ ಹೋದೆ. ಹೆಂಗಸರೆಲ್ಲ ರಸ್ತೆಯಲ್ಲಿ ಸಾಲಾಗಿ ನಿಂತಿದ್ದರು. ಎಮ್ಮೆಯ ಯಜಮಾನಿ ಇಳಿಜಾರಿನ ನಟ್ಟನಡುವೆ, ಕಲೆಯ ಮೇಲೆಯೇ, ಕಾಲು ಚಾಚಿ ಕೂತು ಬಿಸಿಲು ಕಾಯಿಸುತ್ತಿದ್ದರು.

"ಬಂದ್ಲು ನೋಡ್ರಿ ಬಿಎಸ್ಸಿ. ಎಲ್ಲಿ ಹೋಗಿದ್ದೆ?"

"ನಿದ್ದೆ ಬಂದುಬಿಟ್ಟಿತ್ತಮ್ಮ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಏಳಲು ಕೈ ಚಾಚಿದರು. ಹಿಡಿದೆತ್ತಿದೆ. ಮೇಲೆ ಹತ್ತುವವರೆಗೂ ಬಿಡು ಎನ್ನಲಿಲ್ಲ.